ಗ್ರಾಮಸೇವಾಧುರೀಣ ಹುತಾತ್ಮ ಮೈಲಾರ ಮಹದೇವಪ್ಪನವರು

ಹಾವೇರಿಗೂ ರಾಣೇಬೆನ್ನೂರಿಗೂ ನಡುವೆ, ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರು ಇದೆ. ಎರೆಯ ಹೊಲ, ಹತ್ತಿ, ಜೋಳ, ಮೆಣಸಿನಕಾಯಿಗಳ ನಡುವೆ ಬಾಳುವ ಈ ಗ್ರಾಮದ ಹೆಸರನ್ನು ಭಾರತದ ಸ್ವಾತಂತ್ರ್ಯ ಸಂಗ್ರಾಮದ ಚರಿತ್ರೆಯಲ್ಲಿ ಅಳಿಯದಂತೆ ಬರೆಯಿಸಿದ ಧೀರರು ಮೈಲಾರ ಮಹದೇವಪ್ಪನವರು. ಅವರ ಜೀವಿತದ ಎರಡು ದಿನಗಳನ್ನು ಕನ್ನಡ ನಾಡು ಅಭಿಮಾನದಿಂದ ನೆನೆಯುತ್ತ ಬಂದಿದೆ. ಒಂದು, ಮಹಾತ್ಮಾ ಗಾಂಧೀಜಿಯವರೊಡನೆ ದಾಂಡಿಯ ಕಡೆಗೆ ಹೆಜ್ಜೆಯಿಟ್ಟ ೧೯೩೦ನೆಯ ಇಸವಿಯ ಮಾರ್ಚ್ ೧೨. ಮತ್ತೊಂದು, ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ೧೯೪೩ನೆಯ ಇಸವಿಯ ಏಪ್ರಿಲ್ ೧. ಈ ಎರಡು ದಿನಗಳ ನಡುವೆ ಹದಿಮೂರು ವರ್ಷಗಳಿವೆ. ಆ ಹದಿಮೂರು ವರ್ಷಗಳಲ್ಲಿ ಬಹುಭಾಗ ಕಳೆದುದು ಯಾವ ಸದ್ದುಗದ್ದಲವೂ ಇಲ್ಲದ ಕೆಲಸದಲ್ಲಿ: ನೂಲುವುದು, ನೂಲಿಸುವುದು, ಹಳ್ಳಿಯ ಬೀದಿಯನ್ನು ಗುಡಿಸುವುದು, ಸೋತ ಮನೆಗೆ ದುಡಿಮೆಯ ದಾರಿ ತೋರಿಸುವುದು. ವೀರಮರಣದ ಪ್ರಭೆಯಲ್ಲಿ ಈ ಕೆಲಸ ಮರೆಯಾಗುವುದು ಸಹಜ. ಆದರೆ ಆ ಮರಣದ ಅರ್ಥವನ್ನು ತಿಳಿಯಬೇಕಾದರೆ ಆ ಕೆಲಸವನ್ನೇ ಮೊದಲು ತಿಳಿಯಬೇಕು.

ಜನನ ಮತ್ತು ಪರಿಸರ

ಮಹದೇವಪ್ಪನವರು ಜನಿಸಿದುದು ೧೯೧೧ನೆಯ ಇಸವಿಯ ಜೂನ್ ೮ರಂದು. ತಂದೆ ಮಾರ್ತಾಂಡಪ್ಪನವರು, ತಾಯಿ ಬಸಮ್ಮನವರು. ಆಗ ಮೋಟೆಬೆನ್ನೂರು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ೧೯೫೬ರಲ್ಲಿ ಕನ್ನಡ ನಾಡು ಒಂದಾಯಿತು. ೧೯೯೭ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಮಹದೇವಪ್ಪನವರ ಪಾಲಿಗೆ ಈ ಎರಡೂ ಕನಸಿನ ಮಾತುಗಳೇ ಆಗಿದ್ದುವು.

ಅವರು ಹುಟ್ಟಿದ ಕಾಲದ ಧಾರವಾಡ ಜಿಲ್ಲೆಯ ಸ್ಥಿತಿಯನ್ನು ಕೊಂಚ ಗಮನಿಸಬೇಕು. ೧೮೭೬-೭೮ರ ಭೀಕರ ಕ್ಷಾಮವನ್ನು ಕಣ್ಣಾರೆ ಕಂಡ ಮುದುಕರು ಆಗಿನ್ನೂ ಹಳ್ಳಿಗಳಲ್ಲಿ ಬದುಕಿದ್ದರು. ಹತ್ತಿ ಯಥೇಚ್ಛವಾಗಿ ಬೆಳೆಯುತ್ತಿದ್ದಿತು. ಆದರೆ ಬೆಳೆದ ಹತ್ತಿ ರೈಲನ್ನೇರಿ ಹೊರಟುಹೋಗಿ, ಗಿರಣಿಯ ಬಟ್ಟೆಯಾಗಿ ಮರಳಿ ಬಂದು, ಬೆಳೆದವನಿಗೇ ದುಬಾರಿಯಾಗುತ್ತಿದ್ದಿತು. ಸುಗ್ಗಿ ಮುಗಿದ ಮೇಲೆ ಮುಂಗಾರು ಬೀಳುವವರೆಗೆ ಮಳೆಯನ್ನೇ ನಂಬಿದ ಒಕ್ಕಲಿಗನ ಕೈಗೆ ಕೆಲಸವಿರಲಿಲ್ಲ. ಮಳೆ ತಪ್ಪಿದ ವರ್ಷದಲ್ಲಂತೂ ಹೊಲದ ಹೊರತು ಬೇರೆ ಆಧಾರವನ್ನರಿಯದ ಮನೆ ಸಾಲದ ಬಾಯಿಗೆ ಬೀಳುತ್ತಿದ್ದಿತು. ಒಂದೇ ಕಂಬದ ಮೇಲೆ ನಿಂತ ಚಪ್ಪರದಂತೆ ಹಳ್ಳಿಯ ಬಾಳು ಒಂದೇ ಆಧಾರದ ಮೇಲೆ ನಿಂತಿದ್ದಿತು.

ಆದರೆ ಈ ಜಿಲ್ಲೆಯ ಜನ ಕೈಕಟ್ಟಿ ಕುಳಿತವರಲ್ಲ. ೧೯೦೫ರಲ್ಲಿಯೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ನೇತೃತ್ವದಲ್ಲಿ ಒಕ್ಕಲಿಗರ ಸಹಕಾರಿ ಪತ್ತಿನ ಸಂಘ ತಲೆಯೆತ್ತಿ, ಸಾಲದ ಉರುಳಿನಿಂದ ರೈತನನ್ನು ಬಿಡಿಸುವ ದಾರಿಯನ್ನು ತೋರಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಉದಯಿಸಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ನಡೆಸಿದರು. ಮನೆಮನೆಯ ಹಿಡಿ ಜೋಳ, ದಾನಿಗಳ ಒಂದೊಂದು ರೂಪಾಯಿ ಕೂಡಿ ನೂರಾರು ಹಳ್ಳಿಯ ಮಕ್ಕಳು ಅಕ್ಷರವಂತರಾದರು. ಸಹಕಾರ, ಶಿಕ್ಷಣ ಎಂಬ ಈ ಎರಡು ಹೊಳೆಗಳ ಜೊತೆಗೆ ಮೂರನೆಯದಾಗಿ ಬಂದು ಕೂಡಿದುದು ಖಾದಿ. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನೆರವೇರಿತು. ಮರುವರ್ಷ ಅಖಿಲ ಭಾರತ ಚರಕಾ ಸಂಘ ಸ್ಥಾಪಿತವಾಯಿತು. ರಾಟೆಯ ನಾದ ಧಾರವಾಡ ಜಿಲ್ಲೆಯ ಹಳ್ಳಿಗಳಿಗೂ ಕೇಳಿಸತೊಡಗಿತು.

ಸ್ವಗ್ರಾಮದಲ್ಲಿ ಅಕ್ಷರಾಭ್ಯಾಸ ಮಾಡಿ, ಹಂಸಭಾವಿಯಲ್ಲಿ ಮುಂದಿನ ವಿದ್ಯೆಯನ್ನು ಪಡೆದ ಬಾಲಕ ಮಹದೇವನ ಕಿವಿಗೆ ಬಿದ್ದುದು ಈ ನಾದವೇ. ಖಾದಿಯಲ್ಲಿ ಮೊಳೆತ ಆಸಕ್ತಿಯೇ ಆ ತರುಣನನ್ನು ಕಡೆಗೆ ಸಬರಮತಿಯ ತೀರಕ್ಕೆ ಒಯ್ದಿತು.

ಸಬರಮತಿಯ ಶಿಕ್ಷಣ

ಸಬರಮತಿಯ ಸತ್ಯಾಗ್ರಹಾಶ್ರಮವು ಹೆಸರಿಗೆ ಆಶ್ರಮವಾದರೂ ನಿಜವಾಗಿ ಅದೊಂದು ಕರ್ಮಶಾಲೆ. ೧೯೨೮ರಲ್ಲಿ ಅಕಾಲ ಮೃತ್ಯುವಿಗೆ ತುತ್ತಾದ ಮಗನಲಾಲ ಗಾಂಧಿಯವರು ಅಲ್ಲಿ ನೂಲುವ ಕೆಲಸವನ್ನು ಒಂದು ಶಾಸ್ತ್ರವಾಗಿ ಬೆಳೆಸಿದ್ದರು. ಹತ್ತಿಯನ್ನು ಆಯುವುದು, ಕಾಳು ಬಿಡಿಸುವುದು, ಅರಳೆಯನ್ನು ಹಿಂಜುವುದು, ಹಂಜಿ ಮಾಡುವುದು, ನೂಲುವುದು, ಲಡಿ ಸುತ್ತುವುದು, ನೆಯ್ಯುವುದು ಇವೆಲ್ಲವನ್ನೂ ಆಶ್ರಮವಾಸಿಯು ತನ್ನ ಕೈಯಾರೆ ಕಲಿಯಬೇಕಾಗಿದ್ದಿತು. ಮುಂಜಾವಿನ ಪ್ರಾರ್ಥನೆಯ ಬಳಿಕ ಕಸಗುಡಿಸುವ, ಪಾಯಖಾನೆ ತೊಳೆಯುವ ಕೆಲಸ ಪಾಳಿಯಂತೆ ಎಲ್ಲರಿಗೂ ಬರುತ್ತಿದ್ದಿತು. ಹುಟ್ಟಿನ ಹಿರಿಮೆಯಾಗಲಿ ಪದವಿಯ ಹಿರಿಮೆಯಾಗಲಿ ಅಲ್ಲಿ ಯಾರನ್ನೂ ಪೊರಕೆಯಿಂದ ಪಾರುಮಾಡುತ್ತಿರಲಿಲ್ಲ.

ಕಾಯಕವೇ ಕೈಲಾಸವೆಂಬ ತತ್ತ್ವವನ್ನು ತಾಯ ಮಡಿಲಲ್ಲಿಯೇ ಕೇಳಿ ಬೆಳೆದ ಈ ನಾಡಿನ ತರುಣನಿಗೆ ಅಂಥ ಜೀವನ ಹೊಸತೆನಿಸಿರಲಾರದು. ಮಾತಿನಲ್ಲಿ ಕೇಳಿದುದನ್ನು ಅಲ್ಲಿ ದಿನಚರಿಯಲ್ಲಿ ಕಂಡಂತಾಯಿತು. ಮಹದೇವಪ್ಪನವರು ಮುಂದೆ ಕನ್ನಡ ನಾಡಿನ ಹಳ್ಳಿಗೆ ತಂದುದು ಈ ದಿನಚರಿಯನ್ನೇ.

ದಾಂಡಿಯ ಪಥದಲ್ಲಿ

೧೯೩೦ನೆಯ ಇಸವಿಯ ಮಾರ್ಚ್ ೧೨ರ ಬೆಳಗಿನಲ್ಲಿ ಗಾಂಧೀಜಿಯವರು ಉಪ್ಪಿನ ಕಾಯಿದೆಯನ್ನು ಮುರಿಯಲೆಂದು ಆಶ್ರಮದಿಂದ ಹೊರಟರು. ತಮ್ಮೊಡನೆ ನಡೆಯಲು ಅವರು ಆರಿಸಿಕೊಂಡವರು ೭೮ ಮಂದಿ. ದೇಶದ ಬೇರೆ ಬೇರೆ ಪ್ರಾಂತಗಳಿಂದ ಬಂದಿದ್ದ ಆ ಯಾತ್ರಿಕರ ಪಟ್ಟಿಯಲ್ಲಿ ಕರ್ನಾಟಕದ ಹೆಸರಿನೆದುರು ದಾಖಲಾದುದು ಮಹಾದೇವ ಮಾರ್ತಾಂಡ ಎಂಬ ಹದಿನೆಂಟರ ತರುಣನ ಹೆಸರು. ಇಡೀ ಕನ್ನಡ ನಾಡಿನ ಪರವಾಗಿ ಆ ಪುಣ್ಯಯಾತ್ರೆಯಲ್ಲಿ ನಡೆದ ಪಾದಗಳು ಮೋಟೆಬೆನ್ನೂರಿನ ಮಣ್ಣಿನಲ್ಲಿ ಆಡಿ ಬೆಳೆದವು.

ಈ ಯಾತ್ರೆಯನ್ನು ಉಪ್ಪಿನ ಸತ್ಯಾಗ್ರಹವೆಂದು ನೆನೆಯುವುದು ಯುಕ್ತವೇ. ಆದರೆ ಅದು ಗ್ರಾಮದರ್ಶನವೂ ಆಗಿದ್ದಿತೆಂಬುದನ್ನು ಮರೆಯಲಾಗದು. ಯಾತ್ರೆಯ ದಾರಿಯಲ್ಲಿದ್ದ ಊರುಗಳಿಂದ ಗಾಂಧೀಜಿಯವರು ಮೊದಲೇ ವಿವರಗಳನ್ನು ಬಯಸಿದ್ದರು. ಊರಿನ ಜನಸಂಖ್ಯೆ ಎಷ್ಟು, ಅಸ್ಪೃಶ್ಯರೆನಿಸಿದವರ ಸಂಖ್ಯೆ ಎಷ್ಟು, ಶಾಲೆಗೆ ಹೋಗುವ ಮಕ್ಕಳೆಷ್ಟು, ತಿರುಗುವ ರಾಟೆಗಳೆಷ್ಟು, ತಿಂಗಳಿಗೆ ಮಾರುವ ಖಾದಿ ಎಷ್ಟು, ತಲೆಗೆ ಬೀಳುವ ಉಪ್ಪಿನ ಖರ್ಚೆಷ್ಟು, ದನಗಳೆಷ್ಟು, ಕಂದಾಯದ ಹೊರೆ ಎಷ್ಟು ಎಂಬಿವೇ ಮೊದಲಾದ ಸಂಗತಿಗಳನ್ನು ಊರವರು ಸಿದ್ಧಪಡಿಸಿಡಬೇಕಾಗಿದ್ದಿತು. ಊಟೋಪಚಾರ ಅತ್ಯಂತ ಸರಳವಾಗಿರಬೇಕೆಂಬ ಕಟ್ಟಪ್ಪಣೆಯಿದ್ದಿತು. ಎಷ್ಟೇ ದಣಿದಿರಲಿ, ಪ್ರಾರ್ಥನೆ, ನೂಲುವುದು ಮತ್ತು ದಿನಚರಿ ಬರೆಯುವುದು ಯಾತ್ರಿಕರಿಗೆ ತಪ್ಪುತ್ತಿರಲಿಲ್ಲ. ಹೀಗೆ ೨೪ ದಿನಗಳಲ್ಲಿ ೨೪೦ ಮೈಲಿಗಳ ದಾರಿ ಸವೆಯಿತು. ಏಪ್ರಿಲ್ ೬ರಂದು ದಾಂಡಿಯ ಕಡಲತಡಿಯಲ್ಲಿ ಹಿಡಿ ಉಪ್ಪು ಎತ್ತಿದೊಡನೆ ದೇಶವೇ ಎಚ್ಚೆತ್ತಿತು.

ಹಳ್ಳಿಯನ್ನು ಸುಧಾರಿಸುವ ಮೊದಲು ಹಳ್ಳಿಯನ್ನು ಎಣಿಸಿ ಅರಿಯಬೇಕು. ಅದರ ಹೊರೆಯಾಗದೆ ಅದರ ಅತಿಥಿಯಾಗಬೇಕು. ದಣಿವಿನ ನಡುವೆಯೂ ನೇಮವನ್ನು ಬಿಡಬಾರದು. ಹದಿನೆಂಟರ ವಯಸ್ಸಿನಲ್ಲಿ ಇದಕ್ಕಿಂತ ಹಿರಿದಾದ ಪಾಠ ಯಾವ ವಿದ್ಯಾಲಯದಲ್ಲಿ ದೊರೆತೀತು? ಯಾತ್ರೆಯ ಫಲವಾಗಿ ಮಹದೇವಪ್ಪನವರಿಗೆ ಸೆರೆವಾಸ ಪ್ರಾಪ್ತವಾಯಿತು. ಬಿಡುಗಡೆ ಹೊಂದಿ ಊರಿಗೆ ಮರಳಿದಾಗ ಜನರು ಅವರನ್ನು ಆದರದಿಂದ ಬರಮಾಡಿಕೊಂಡರು.

ಸಹಧರ್ಮಿಣಿ ಸಿದ್ದಮ್ಮನವರು

ಮಹದೇವಪ್ಪನವರ ಚರಿತ್ರೆಯಲ್ಲಿ ಅವರ ಧರ್ಮಪತ್ನಿ ಸಿದ್ದಮ್ಮನವರ ಸ್ಥಾನವನ್ನು ವಿಶೇಷವಾಗಿ ಹೇಳಬೇಕು. ಪತಿಯು ಹಿಡಿದ ದಾರಿಯನ್ನು ದೂರದಿಂದ ನೋಡಿ ನಿಟ್ಟುಸಿರಿಡುತ್ತ ಮನೆಯಲ್ಲಿ ಉಳಿಯಲು ಆ ತಾಯಿ ಒಪ್ಪಲಿಲ್ಲ. ಭಾಷೆ ಬಾರದ ಗುಜರಾತಿಗೆ ಹೋಗಿ ಸಬರಮತಿಯ ಆಶ್ರಮದಲ್ಲಿದ್ದು, ಅಲ್ಲಿಯ ಕಠಿಣ ನಿಯಮಗಳನ್ನು ಪಾಲಿಸಿ, ಸತ್ಯಾಗ್ರಹದಲ್ಲಿ ಪಾಲ್ಗೊಂಡು ಸೆರೆಮನೆಯನ್ನೂ ಕಂಡು ಬಂದರು. ಆ ಕಾಲದ ಹಳ್ಳಿಯ ಹೆಣ್ಣುಮಗಳೊಬ್ಬಳು ಹೊಸ್ತಿಲು ದಾಟುವುದೇ ಮಾತಿಗೆ ಗುರಿಯಾಗುತ್ತಿದ್ದಾಗ, ಸೆರೆಮನೆಯ ಹೊಸ್ತಿಲನ್ನು ಮೆಟ್ಟಿ ಬರುವುದೆಂದರೆ ಅಲ್ಪಸಾಹಸವಲ್ಲ.

ಇದರಿಂದ ಗ್ರಾಮಸೇವೆಗೆ ಆದ ಲಾಭವೂ ಚಿಕ್ಕದಲ್ಲ. ನೂಲುವ ಕೆಲಸ ಮುಖ್ಯವಾಗಿ ಹೆಣ್ಣುಮಕ್ಕಳ ಕೈಯಲ್ಲಿ ಇದ್ದಿತು. ಗಂಡಸು ಕಾರ್ಯಕರ್ತನು ಹಳ್ಳಿಯ ಚಾವಡಿಯವರೆಗೆ ಹೋಗಬಲ್ಲನಲ್ಲದೆ ಪಡಸಾಲೆ ದಾಟಿ ಒಳಮನೆಗೆ ಹೋಗಲಾರ. ಅಲ್ಲಿಗೆ ರಾಟೆಯನ್ನು ಒಯ್ಯಲು, ಕಡಿದ ಎಳೆಯನ್ನು ಕೂಡಿಸುವುದನ್ನು ಕಲಿಸಲು, ಬಾಣಂತಿಗೂ ಅತ್ತೆಗೂ ಅರ್ಥವಾಗುವ ಮಾತಿನಲ್ಲಿ ತಿಳಿಯಹೇಳಲು ಸಿದ್ದಮ್ಮನವರಂಥ ಸೇವಿಕೆಯರೇ ಬೇಕಾಗಿದ್ದಿತು.

ಕೊರಡೂರಿನ ಸೇವಾಶ್ರಮ

ಸೆರೆವಾಸ, ಸತ್ಯಾಗ್ರಹಗಳ ಏರಿಳಿತ ಒಂದು ಹಂತಕ್ಕೆ ಬಂದ ಮೇಲೆ ಮಹದೇವಪ್ಪನವರು ಹಾವೇರಿ ತಾಲೂಕಿನ ಕೊರಡೂರಿನಲ್ಲಿ ಗ್ರಾಮಸೇವಾಶ್ರಮವನ್ನು ಕಟ್ಟಿ ನೆಲೆನಿಂತರು. ದಾಂಡಿಯ ಕೀರ್ತಿಯನ್ನು ಬಂಡವಾಳ ಮಾಡಿಕೊಂಡು ಪಟ್ಟಣದ ಸಭೆಗಳಲ್ಲಿ ಮೆರೆಯಬಹುದಾಗಿದ್ದಿತು. ಹಾಗೆ ಮಾಡದೆ ಒಂದು ಸಣ್ಣ ಹಳ್ಳಿಯಲ್ಲಿ ಬೇರೂರಿದುದು ಅವರ ಬಾಳಿನ ನಿಜವಾದ ತಿರುವು.

ಅವರು ಆರಿಸಿಕೊಂಡ ಕೆಲಸದ ಕ್ರಮವನ್ನು ಕೊಂಚ ವಿವರವಾಗಿ ನೋಡಬೇಕು. ಹತ್ತಿ ಹಳ್ಳಿಯಲ್ಲಿಯೇ ಉಂಟು. ಅದನ್ನು ಅಲ್ಲಿಯೇ ಹಿಂಜಿ, ಹಂಜಿ ಮಾಡಿ, ನೂತು, ನೇಯಿಸಿದರೆ ಒಂದೇ ಬೆಳೆಯಿಂದ ಹಲವರಿಗೆ ದುಡಿಮೆ ಹುಟ್ಟುತ್ತದೆ. ಕಾಳು ಬಿಡಿಸುವ ಮುದುಕಿಗೆ, ಹಿಂಜುವವನಿಗೆ, ನೂಲುವ ಹೆಣ್ಣುಮಗಳಿಗೆ, ನೇಕಾರನಿಗೆ, ಬಣ್ಣ ಹಾಕುವವನಿಗೆ, ಮಡಿ ಮಾಡುವವನಿಗೆ, ರಾಟೆ ಮಾಡಿಕೊಡುವ ಬಡಿಗನಿಗೆ, ಕದಿರು ನೆಟ್ಟಗೆ ಮಾಡಿಕೊಡುವ ಕಮ್ಮಾರನಿಗೆ ಒಂದೊಂದು ಪಾಲು ಸಲ್ಲುತ್ತದೆ. ಆದರೆ ಈ ಸರಪಳಿಯ ಒಂದು ಕೊಂಡಿ ಸಡಿಲಾದರೂ ಇಡೀ ಕೆಲಸ ನಿಲ್ಲುತ್ತದೆ. ಒರಟಾಗಿ, ಏರುಪೇರಾಗಿ ನೂತ ಎಳೆ ಮಗ್ಗದ ಮೇಲೆ ಮೇಲಿಂದ ಮೇಲೆ ಕಡಿಯುವುದರಿಂದ ನೇಕಾರನು ಕೈನೂಲನ್ನು ಮುಟ್ಟಲು ಒಲ್ಲೆನೆನ್ನುತ್ತಾನೆ. ಗಿರಣಿಯ ನೂಲಿನಿಂದ ನೇಯ್ದರೆ ಅವನಿಗೆ ಅದೇ ಹೊತ್ತಿನಲ್ಲಿ ಹೆಚ್ಚು ಬಟ್ಟೆ. ಆದ್ದರಿಂದ ನೂಲುವವರಿಗೆ ಸಮನಾದ, ಹುರಿಯುಳ್ಳ ಎಳೆ ತೆಗೆಯಲು ಕಲಿಸುವುದೇ ಖಾದಿ ಕಾರ್ಯದ ತಿರುಳು. ಅದನ್ನು ಭಾಷಣದಿಂದ ಕಲಿಸಲಾಗದು. ಪಕ್ಕದಲ್ಲಿ ಕುಳಿತು, ದಿನವೂ ಕೈಹಿಡಿದು ಕಲಿಸಬೇಕು. ಸೇವಕನು ಊರಲ್ಲಿಯೇ ನೆಲೆಸಬೇಕಾದುದು ಈ ಕಾರಣದಿಂದ.

ಇನ್ನು ಕೂಲಿಯ ಮಾತು. ಖಾದಿಯ ಬೆಲೆ ಇಳಿಯಲೆಂದು ನೂಲುವವರಿಗೆ ಅತ್ಯಲ್ಪ ಕೂಲಿ ಕೊಡುವುದು ಮೊದಮೊದಲು ರೂಢಿಯಾಗಿದ್ದಿತು. ಬಡವರ ಉದ್ಧಾರದ ಹೆಸರಿನಲ್ಲಿ ಬಡವರನ್ನೇ ದುಡಿಸಿಕೊಳ್ಳುವುದು ಅಧರ್ಮವೆಂದು ಗಾಂಧೀಜಿಯವರು ಕಂಡುಕೊಂಡು, ೧೯೩೫ರಲ್ಲಿ ಚರಕಾ ಸಂಘದ ಮೂಲಕ ನೂಲುವವರ ಕೂಲಿಯನ್ನು ಹೆಚ್ಚಿಸುವ ನಿರ್ಧಾರ ಮಾಡಿಸಿದರು. ಖಾದಿ ತುಟ್ಟಿಯಾಯಿತು. ಮಾರಾಟದ ಕಷ್ಟ ಕಾರ್ಯಕರ್ತರ ಹೆಗಲಿಗೆ ಬಂದಿತು. ಆದರೆ ನೂಲುವ ಹೆಣ್ಣುಮಗಳ ಸೆರಗಿನ ಗಂಟಿನಲ್ಲಿ ನಾಲ್ಕು ಕಾಸು ನಿಂತುವು. ಸೇವೆಗೂ ವ್ಯಾಪಾರಕ್ಕೂ ಇರುವ ಭೇದವನ್ನು ಈ ಒಂದು ಸಂಗತಿ ಸ್ಪಷ್ಟಪಡಿಸುತ್ತದೆ.

ಗಾಂಧೀಮಾರ್ಗದ ಸೇವಾಶ್ರಮಗಳಲ್ಲಿ ಖಾದಿಯೊಂದೇ ಇರಲಿಲ್ಲ. ಊರ ಸ್ವಚ್ಛತೆ, ಸಾಮೂಹಿಕ ಪ್ರಾರ್ಥನೆ, ಅಕ್ಷರಪ್ರಚಾರ, ಅಸ್ಪೃಶ್ಯತಾ ನಿವಾರಣೆ, ಪಾನನಿರೋಧ ಇವೆಲ್ಲವೂ ಒಂದೇ ಮಾಲೆಯ ಹೂವುಗಳು. ೧೯೩೪ರ ಕೊನೆಯಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪಿತವಾದ ಬಳಿಕ ಎಣ್ಣೆಯ ಗಾಣ, ಕುಟ್ಟಿದ ಅಕ್ಕಿ, ಬೆಲ್ಲ, ಜೇನು, ಚರ್ಮದ ಕೆಲಸ ಮೊದಲಾದ ಗೃಹೋದ್ಯೋಗಗಳ ಕಡೆಗೂ ಕಾರ್ಯಕರ್ತರ ಗಮನ ಹರಿಯಿತು. ಹೊಲವೆಂಬ ಒಂದೇ ಕಂಬಕ್ಕೆ ಜೊತೆಯಾಗಿ ಎರಡನೆಯ, ಮೂರನೆಯ ಕಂಬಗಳನ್ನು ನೆಡುವ ಪ್ರಯತ್ನ ಅದಾಗಿದ್ದಿತು.

ಇಂಥ ಕೆಲಸದ ನಿಜವಾದ ಬೆಲೆ ಸುಗ್ಗಿಯ ಕಾಲದಲ್ಲಿ ತಿಳಿಯದು; ಸಂಕಟದ ಕಾಲದಲ್ಲಿ ತಿಳಿಯುತ್ತದೆ. ಧಾರವಾಡ ಜಿಲ್ಲೆಯ ಹಿರೇಕೆರೂರು, ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ನಡೆದ ಕರನಿರಾಕರಣೆಯ ಕಾಲದಲ್ಲಿ ಹೊಲಮನೆಗಳು ಜಪ್ತಿಯಾಗಿ ಅನೇಕ ರೈತ ಕುಟುಂಬಗಳು ಬೀದಿಗೆ ಬಿದ್ದುವು. ಅಂಥ ಹೊತ್ತಿನಲ್ಲಿ ಎದೆಗಾರಿಕೆಯೊಂದೇ ಸಾಲದು. ಮನೆಗೆ ಬೇರೊಂದು ದುಡಿಮೆ, ಊರಿಗೆ ಒಂದು ಒಗ್ಗಟ್ಟು, ಬಿದ್ದವರನ್ನು ಎತ್ತಲು ಒಂದು ಸಂಸ್ಥೆ ಇರಬೇಕೆಂಬುದು ಸುತ್ತಲಿನ ನಾಡಿಗೆಲ್ಲ ಅನುಭವಕ್ಕೆ ಬಂದಿದ್ದಿತು. ಕೊರಡೂರಿನ ಆಶ್ರಮ ಈ ಅನುಭವದ ಬೆಳಕಿನಲ್ಲಿ ನಡೆದ ಕೆಲಸ.

ಭೂಗತ ಸಂಗ್ರಾಮ

೧೯೪೨ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸು ಭಾರತ ಬಿಟ್ಟು ತೊಲಗಿ ಎಂಬ ನಿರ್ಣಯವನ್ನು ಕೈಕೊಂಡಿತು. ಆಗಸ್ಟ್ ೯ರ ನಸುಕಿನಲ್ಲಿ ಗಾಂಧೀಜಿಯವರೂ ಇತರ ಮುಖಂಡರೂ ಬಂಧಿತರಾದರು. ಮಾರ್ಗದರ್ಶನ ಮಾಡುವವರಿಲ್ಲದ ದೇಶದಲ್ಲಿ ಜನರು ತಮಗೆ ತೋರಿದಂತೆ ಹೋರಾಟಕ್ಕಿಳಿದರು. ಮುಂಬಯಿ ಕರ್ನಾಟಕದಲ್ಲಿ ಆ ಹೋರಾಟ ವ್ಯವಸ್ಥಿತವಾದ ರೂಪ ತಾಳಿತು. ಚಾವಡಿಯ ದಫ್ತರುಗಳು, ಟಪಾಲು, ತಂತಿ, ರೈಲು ನಿಲ್ದಾಣಗಳು ಇವೇ ಮೊದಲಾದ ಸರಕಾರದ ಆಡಳಿತದ ನರಗಳನ್ನು ಕತ್ತರಿಸುವುದು, ಆದರೆ ಯಾರ ಪ್ರಾಣಕ್ಕೂ ಎರವಾಗದಿರುವುದು ಎಂಬುದು ಇಲ್ಲಿಯ ಭೂಗತ ಕಾರ್ಯಕರ್ತರು ತಮಗೆ ತಾವೇ ವಿಧಿಸಿಕೊಂಡ ಕಟ್ಟಳೆ. ಮಹದೇವಪ್ಪನವರು ಆಶ್ರಮವನ್ನು ಬಿಟ್ಟು, ನಂಬುಗೆಯ ಸಂಗಾತಿಗಳ ತಂಡವನ್ನು ಕಟ್ಟಿಕೊಂಡು ಈ ಕಾರ್ಯಕ್ಕೆ ಧುಮುಕಿದರು.

ಇಲ್ಲಿ ಒಂದು ಸಂಶಯ ಏಳುವುದು ಸಹಜ. ಬಹು ವರ್ಷ ಕಟ್ಟುವ ಕೆಲಸದಲ್ಲಿ ತೊಡಗಿದ್ದ ಕೈ ಕೆಡಹುವ ಕೆಲಸಕ್ಕೆ ಹೇಗೆ ಒಗ್ಗಿತು? ಗಾಂಧೀಜಿಯವರು ೧೯೪೪ರಲ್ಲಿ ಬಿಡುಗಡೆಯಾದ ಮೇಲೆ ಗುಪ್ತಕಾರ್ಯವನ್ನೂ ವಿಧ್ವಂಸಕ ಕೃತ್ಯಗಳನ್ನೂ ಒಪ್ಪಲಿಲ್ಲವೆಂಬುದೂ ಸುವಿದಿತ. ಹಾಗಾದರೆ ಮಹದೇವಪ್ಪನವರು ಗುರುವಿನ ದಾರಿಯನ್ನು ತಪ್ಪಿದರೇ? ಈ ಪ್ರಶ್ನೆಯನ್ನು ಭಕ್ತಿಯ ಭರದಲ್ಲಿ ಮುಚ್ಚಿಡುವುದು ಹುತಾತ್ಮರಿಗೆ ಗೌರವ ತರುವಂಥದಲ್ಲ. ಸಾಧನದ ಶುದ್ಧಿಯನ್ನು ಕುರಿತ ಗಾಂಧೀಜಿಯವರ ತೀರ್ಪು ತೂಕವುಳ್ಳದ್ದು, ಅದನ್ನು ಅಲ್ಲಗಳೆಯಲಾಗದು. ಆದರೆ ಮುಖಂಡರೆಲ್ಲರೂ ಸೆರೆಯಲ್ಲಿದ್ದು, ಸಾಮೂಹಿಕ ದಂಡಗಳು ಹಳ್ಳಿಗಳ ಮೇಲೆ ಬೀಳುತ್ತಿದ್ದ ಆ ದಿನಗಳಲ್ಲಿ, ತಾವು ಕಟ್ಟಿದ ಹಳ್ಳಿಯ ದುಡಿಮೆಯನ್ನು ಸುಲಿದೊಯ್ಯುವ ಆಡಳಿತದೆದುರು ರಾಟೆಯ ಮುಂದೆ ಸುಮ್ಮನೆ ಕುಳಿತಿರುವುದು ಆ ತರುಣ ಹೃದಯಕ್ಕೆ ಅಸಾಧ್ಯವಾಯಿತು. ಪ್ರಾಣಹಾನಿ ಕೂಡದೆಂಬ ಕಟ್ಟಳೆಯಲ್ಲಿ ಆಶ್ರಮದ ಸಂಸ್ಕಾರ ಕಡೆಯವರೆಗೂ ಉಳಿದುಬಂದಿತೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯರು.

ಮತ್ತೊಂದು ಸಂಗತಿಯೂ ಗಮನಾರ್ಹ. ಆಗಸ್ಟಿನಿಂದ ಮುಂದಿನ ಏಪ್ರಿಲಿನವರೆಗೆ ಹೆಚ್ಚುಕಡಿಮೆ ಎಂಟು ತಿಂಗಳು ಭೂಗತರಾಗಿ ಬಾಳುವುದು ಹಳ್ಳಿಗರ ನೆರವಿಲ್ಲದೆ ಆಗತಕ್ಕ ಕೆಲಸವಲ್ಲ. ಪೋಲೀಸರ ಕಣ್ಣು ಎಲ್ಲೆಡೆಯೂ ಇದ್ದಿತು. ಒಂದು ಹೊತ್ತಿನ ರೊಟ್ಟಿ, ಒಂದು ರಾತ್ರಿಯ ನೆರಳು, ಒಂದು ಮಾತಿನ ಎಚ್ಚರಿಕೆ ಕೊಟ್ಟವರಿಗೂ ಶಿಕ್ಷೆ ಕಾದಿದ್ದಿತು. ಆದರೂ ಕೊಡುವವರಿದ್ದರು. ಒಲೆಯ ಮುಂದೆ, ಮಗ್ಗದ ಮುಂದೆ ತಮ್ಮೊಡನೆ ಕುಳಿತವನಿಗೆ ಕಷ್ಟಕಾಲದಲ್ಲಿ ಬಾಗಿಲು ಮುಚ್ಚಲು ಹಳ್ಳಿಯ ಜನಕ್ಕೆ ಮನಸ್ಸು ಬರುವುದಿಲ್ಲ. ಸೇವೆಯಿಂದ ಕೂಡಿಟ್ಟ ವಿಶ್ವಾಸ ಸಂಕಟದಲ್ಲಿ ಫಲಿಸಿತು.

ಹೊಸರಿತ್ತಿಯ ಬೆಳಗು

೧೯೪೩ನೆಯ ಇಸವಿಯ ಏಪ್ರಿಲ್ ೧. ಆಗಾಖಾನ್ ಅರಮನೆಯ ಸೆರೆಯಲ್ಲಿ ಗಾಂಧೀಜಿಯವರು ೨೧ ದಿನಗಳ ಉಪವಾಸವನ್ನು ಮುಗಿಸಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ವರದಾ ನದಿಯ ದಡದ ಹೊಸರಿತ್ತಿಯಲ್ಲಿ, ರೈತರಿಂದ ವಸೂಲಾದ ಕಂದಾಯದ ಹಣವನ್ನು ವೀರಭದ್ರ ದೇವಾಲಯದಲ್ಲಿ ಇರಿಸಿ ಪೋಲೀಸರ ಕಾವಲನ್ನು ಹಾಕಲಾಗಿದ್ದಿತು. ಆ ಹಣ ಸರಕಾರದ ಬೊಕ್ಕಸವನ್ನು ಸೇರದಂತೆ ಮಾಡಲು ಮಹದೇವಪ್ಪನವರ ತಂಡ ಬೆಳಗಿನ ಹೊತ್ತಿನಲ್ಲಿ ಅಲ್ಲಿಗೆ ಬಂದಿತು. ಪೋಲೀಸರು ಗುಂಡು ಹಾರಿಸಿದರು. ಮಹದೇವಪ್ಪನವರೂ ಅವರ ಸಂಗಾತಿಗಳಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಹುತಾತ್ಮರಾದರು. ಮಹದೇವಪ್ಪನವರಿಗೆ ಆಗ ೩೧ ವರ್ಷ. ಇನ್ನೆರಡು ತಿಂಗಳು ಕಳೆದಿದ್ದರೆ ೩೨ ತುಂಬುತ್ತಿದ್ದಿತು.

ಈ ಮೂವರ ಹೆಸರುಗಳನ್ನು ಒಟ್ಟಿಗೇ ಹೇಳಬೇಕು. ಒಬ್ಬರು ಮಡಿವಾಳ ಕಾಯಕದ ಮನೆತನದ ಹೆಸರನ್ನು ಹೊತ್ತವರು, ಒಬ್ಬರು ಮಠದ ಮನೆತನದ ಹೆಸರನ್ನು ಹೊತ್ತವರು, ಮತ್ತೊಬ್ಬರು ರಾಟೆಯನ್ನು ಹಿಡಿದು ಹಳ್ಳಿಯನ್ನು ಹುರಿಗೊಳಿಸಿದವರು. ಬೇರೆ ಬೇರೆ ಕೇರಿಗಳ ರಕ್ತ ಒಂದೇ ಅಂಗಳದಲ್ಲಿ ಕೂಡಿತು. ಕೂಡಿ ನೂಲುವುದನ್ನು, ಕೂಡಿ ಕೂರುವುದನ್ನು ಕಲಿತ ಹಳ್ಳಿ ಕೂಡಿ ಪ್ರಾಣ ಕೊಡುವುದನ್ನೂ ಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ಬಲಿದಾನದ ಬೆಲೆಯನ್ನೂ ಮರೆಯಬಾರದು. ಕೊರಡೂರಿನ ಆಶ್ರಮ ತನ್ನ ಸ್ಥಾಪಕನನ್ನು ಕಳೆದುಕೊಂಡಿತು. ಸಿದ್ದಮ್ಮನವರು ಪತಿಯನ್ನು, ಬಸಮ್ಮನವರು ಮಗನನ್ನು ಕಳೆದುಕೊಂಡರು. ನಾಲ್ಕು ವರ್ಷಗಳ ಬಳಿಕ ಬಂದ ಸ್ವಾತಂತ್ರ್ಯದಲ್ಲಿ ಹಳ್ಳಿಯನ್ನು ಕಟ್ಟಬೇಕಾಗಿದ್ದ ಕೈಗಳು ಅಷ್ಟರಲ್ಲಿಯೇ ಮಣ್ಣಾಗಿದ್ದುವು.

ಅನಂತರದ ಕಾಲ

೧೯೫೨ನೆಯ ಇಸವಿಯ ಅಕ್ಟೋಬರ್ ೨ರಂದು, ಗಾಂಧೀ ಜಯಂತಿಯ ದಿನವೇ, ಭಾರತ ಸರಕಾರವು ಸಮುದಾಯ ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಅಧಿಕಾರಿಗಳು ನೇಮಕಗೊಂಡರು, ಕಟ್ಟಡಗಳು ಎದ್ದುವು, ಹಣ ಹರಿಯಿತು. ಐದು ವರ್ಷಗಳ ಮೇಲೆ ಬಲವಂತರಾಯ ಮೆಹತಾ ಸಮಿತಿಯು ಪರಿಶೀಲಿಸಿದಾಗ ಕಂಡ ಮುಖ್ಯ ಕೊರತೆ ಒಂದೇ: ಜನರೇ ಮುಂದೆ ಬಂದು ಅದನ್ನು ತಮ್ಮದೆಂದು ಭಾವಿಸಲಿಲ್ಲ. ಅದರಿಂದಲೇ ಪಂಚಾಯತ ರಾಜ್ಯದ ಸಲಹೆ ಹೊರಟಿತು. ಮೇಲಿನಿಂದ ಇಳಿದ ಯೋಜನೆಗೂ ನೆಲದಿಂದ ಮೊಳೆತ ಸೇವೆಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಯೋಜನೆಗೆ ಹಣ ಬೇಕು, ನಿಜ. ಊರಿನಲ್ಲಿ ನೆಲೆಸಿ, ಊರವರ ಜೊತೆಗೆ ಉಂಡು, ಅವರ ಸೋಲನ್ನು ತನ್ನ ಸೋಲೆಂದು ಬಗೆಯುವ ಒಬ್ಬ ಮನುಷ್ಯ ಹಣಕ್ಕಿಂತ ಹೆಚ್ಚಾಗಿ ಬೇಕು.

ರಾಟೆಯ ಪರಂಪರೆ ಧಾರವಾಡ ಸೀಮೆಯಲ್ಲಿ ಬತ್ತಿಹೋಗಲಿಲ್ಲ. ೧೯೫೪ರಲ್ಲಿ ಗರಗದ ಖಾದಿ ಕೇಂದ್ರ, ೧೯೫೭ರಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪಿತವಾದುವು. ರಾಷ್ಟ್ರಧ್ವಜದ ಬಟ್ಟೆಯನ್ನೂ ಧ್ವಜವನ್ನೂ ನಿಯಮಬದ್ಧವಾಗಿ ಸಿದ್ಧಪಡಿಸುವ ಗೌರವ ಈ ಸೀಮೆಯ ಕೈಗಳಿಗೆ ಸಂದಿತು. ೨೦೨೧ರ ಕೊನೆಯಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಿಂದ ತಯಾರಾದ, ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ದೊರೆತ ಮೇಲೆ ಈ ಕೈಗಳಿಗೆ ಹೊಸ ಸಂಕಟ ಬಂದೊದಗಿತು. ಅಗ್ಗದ ಬೆಲೆಯ ಮುಂದೆ ಕೈಯ ದುಡಿಮೆ ನಿಲ್ಲಬಲ್ಲುದೇ ಎಂಬ ೧೯೩೫ರ ಪ್ರಶ್ನೆ ಬೇರೊಂದು ವೇಷದಲ್ಲಿ ಮರಳಿ ಬಂದಿದೆ.

ಮಹದೇವಪ್ಪನವರ ಸ್ಮರಣೆಯನ್ನು ನಾಡು ಹಲವು ಬಗೆಯಿಂದ ಉಳಿಸಿಕೊಂಡಿದೆ. ಹಾವೇರಿಯಲ್ಲಿ ಹುತಾತ್ಮರ ಸ್ಮಾರಕವಾದ ವೀರಸೌಧವಿದೆ. ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿದೆ. ಹಾವೇರಿಯ ರೈಲು ನಿಲ್ದಾಣ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ. ಒಂದು ಕಾಲದಲ್ಲಿ ಈ ಸೀಮೆಯ ಹತ್ತಿಯನ್ನು ಹೊತ್ತೊಯ್ದ, ೧೯೪೨ರಲ್ಲಿ ಪರಕೀಯ ಆಡಳಿತದ ಕುರುಹಾಗಿ ಕಂಡ ಅದೇ ರೈಲು ಇಂದು ಅವರ ನಾಮಸ್ಮರಣೆ ಮಾಡುತ್ತ ಬಂದು ನಿಲ್ಲುವುದು ಕಾಲಚಕ್ರದ ವಿಚಿತ್ರಗತಿಯಲ್ಲವೇ? ಅವರು ಮಡಿದ ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲವು ಹಳ್ಳಿಯ ಮಕ್ಕಳಿಗೆ ವಿದ್ಯೆಯ ಜೊತೆಗೆ ಕೈಕೆಲಸವನ್ನೂ ಕಲಿಸುತ್ತಿದೆ. ಎಲ್ಲ ಸ್ಮಾರಕಗಳಲ್ಲಿಯೂ ಅವರ ಮನಸ್ಸಿಗೆ ಹತ್ತಿರವಾದುದು ಬಹುಶಃ ಇದೇ.

ಹುತಾತ್ಮರ ಪುತ್ಥಳಿಗೆ ಮಾಲೆ ಹಾಕುವುದು ಸುಲಭ. ಅದಕ್ಕೆ ವರ್ಷಕ್ಕೊಂದು ದಿನ ಸಾಕು. ಅವರು ಮಾಡುತ್ತಿದ್ದ ಕೆಲಸವನ್ನು ಮುಂದುವರಿಸಲು ವರ್ಷದ ಉಳಿದ ದಿನಗಳೆಲ್ಲವೂ ಬೇಕು. ಹಳ್ಳಿಯ ಶಾಲೆಯಲ್ಲಿ ವರ್ಗಾವಣೆಗೆ ಹಾತೊರೆಯದೆ ನೆಲೆನಿಂತು ಪಾಠ ಹೇಳುವ ಅಧ್ಯಾಪಕನು, ಪಟ್ಟಣದಲ್ಲಿ ಗಳಿಸಿದುದರಲ್ಲಿ ಒಂದು ಪಾಲನ್ನು ಓದಿದ ಊರಿಗೆ ಮರಳಿಸುವ ಹಳೆಯ ವಿದ್ಯಾರ್ಥಿಯು, ಕಟ್ಟಡದ ಮೇಲಿನ ತನ್ನ ಹೆಸರಿಗಿಂತ ಅದರೊಳಗಿನ ಮಗುವಿನ ಊಟವನ್ನು ಹೆಚ್ಚೆಂದು ಬಗೆಯುವ ದಾನಿಯು ಮಹದೇವಪ್ಪನವರ ನಿಜವಾದ ವಾರಸುದಾರರು. ಬರ, ನೆರೆ, ಬೆಲೆಗಳ ಏರಿಳಿತ ಮುಂದೆಯೂ ಹಳ್ಳಿಯ ಬಾಗಿಲಿಗೆ ಬರುವುವು. ಅವು ಬಂದಾಗ ಊರನ್ನು ನಿಲ್ಲಿಸುವುದು ಹೊರಗಿನಿಂದ ಬರುವ ನೆರವಿಗಿಂತ ಮೊದಲು, ಊರಿನೊಳಗೆ ಬಹು ವರ್ಷಗಳಿಂದ ಹುರಿಗೊಂಡು ಬಂದ ಪರಸ್ಪರ ವಿಶ್ವಾಸ. ಒಂಟಿ ಎಳೆ ಎಳೆದೊಡನೆ ಕಡಿಯುತ್ತದೆ. ಹುರಿಗೊಂಡ ಎಳೆ ಭಾರವನ್ನು ತಾಳುತ್ತದೆ. ಮೋಟೆಬೆನ್ನೂರಿನ ಈ ಸುಪುತ್ರರು ತಮ್ಮ ಅಲ್ಪಾಯುಷ್ಯದಲ್ಲಿ ಕೊರಡೂರಿನ ರಾಟೆಯ ಮುಂದೆ ಕುಳಿತು ಮಾಡಿ ತೋರಿಸಿದ ಪಾಠ ಇದು.